ಮಲ್ಲಮ್ಮ ಕುಡಿಯದ ನೀರು

ತೊಂಬತ್ತರ ದಶಕದ ಕೊನೆಯ ವರ್ಷಗಳು. ಪುಣೆಯ ಪಶ್ಚಿಮ ಅಂಚಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ವೈದ್ಯೆ. ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ಕಟ್ಟುತ್ತಿದ್ದವರಲ್ಲಿ ಬಹಳ ಮಂದಿ ಯಾದಗಿರಿ, ಸುರಪುರದ ಕಡೆಯವರು. ನಾನು ವಿಜಾಪುರದವಳು. ಹಗಲೆಲ್ಲ ಮರಾಠಿ ಕೇಳಿ ದಣಿದ ಕಿವಿಗೆ ಅವರ ಕನ್ನಡ ಬಿದ್ದರೆ ಹಿಗ್ಗು, ಬೈಯುವುದಕ್ಕೂ ಅನುಕೂಲ.

ಬೇಸಿಗೆಯ ಒಂದು ಮಧ್ಯಾಹ್ನ ಗಾರೆ ಕೆಲಸದ ಸಾಬಣ್ಣ ಹೆಂಡತಿ ಮಲ್ಲಮ್ಮನನ್ನು ಕರೆತಂದ. ಆಕೆಗೆ ಆರನೆಯ ತಿಂಗಳು. ಚಳಿಜ್ವರ, ವಾಂತಿ, ಬೆನ್ನುನೋವು. ಬೇರೆ ಕಡೆ ಮಲೇರಿಯಾ ಎಂದು ಗುಳಿಗೆ ಕೊಟ್ಟಿದ್ದರು. ಬೆನ್ನುನೋವು ಇಟ್ಟಿಗೆ ಹೊತ್ತಿದ್ದಕ್ಕೆ ಎಂದು ಗಂಡ ಹೆಂಡಿರೇ ತೀರ್ಮಾನಿಸಿದ್ದರು.

"ಮದಲಿನ ಕೂಸೂ ಇಕಿಗಿ ಹಿಂಗ ಜ್ವರಾ ಬಂದಾಗ ಹೊಟ್ಟ್ಯಾಗನ ಹೋತ್ರಿ, ಅಕ್ಕಾರ," ಎಂದ ಸಾಬಣ್ಣ. "ಇದನ್ನಾರ ಉಳಿಸಿ ಕೊಡ್ರಿ."

ಜ್ವರದ ಗುಳಿಗೆಯ ಜೊತೆ ಸಿಸ್ಟರ್ ಒಂದು ಲೋಟ ನೀರು ಕೊಟ್ಟಳು. ಮಲ್ಲಮ್ಮ ಗುಳಿಗೆ ಇಳಿಯುವಷ್ಟೇ ಕುಡಿದು ಉಳಿದದ್ದನ್ನು ಹಿಂತಿರುಗಿಸಿದಳು. ತುಟಿ ಒಣಗಿ ಬಿರಿದಿದೆ, ಮೈ ಸುಡುತ್ತಿದೆ, ನೀರು ಮಾತ್ರ ಬೇಡ! ನನಗೆ ಸಂಶಯ ಬಂತು. ಸಾಬಣ್ಣನನ್ನು ಹೊರಗೆ ಕೂಡಿಸಿದೆ.

"ನೀರಿನ ಮ್ಯಾಲ ಏನವ್ವ ಸಿಟ್ಟು ನಿನಗ?"

"ಕುಡದ್ರ ಹೋಗಬೇಕಾಗ್ತದಲ್ರೀ. ಸೈಟಿನ್ಯಾಗ ಸುತ್ತ ಗಂಡಸ್ರು. ಹೊತ್ತು ಮುಳುಗೂ ತನಕಾ ಹಲ್ಲು ಕಚ್ಚಿ ಇರ್ತೀವ್ರಿ."

"ಹೋದಾಗ ಉರಿ ಅದೇನು?"

ಆಕೆ ತಲೆ ತಗ್ಗಿಸಿದಳು. "ಭಾಳ ದಿನಾತ್ರಿ. ಉಷ್ಣ ಅಂತ ಸುಮ್ಮನಿದ್ದೆ."

ಬೆನ್ನಿನ ಬಲಬದಿಗೆ, ಪಕ್ಕೆಲುಬಿನ ಕೆಳಗೆ ಮೆಲ್ಲಗೆ ತಟ್ಟಿದೆ. ಚೀರಿದಳು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೂತ್ರದ ತುಂಬ ಕೀವಿನ ಕಣಗಳು. ಇದು ಪೈಲೋನೆಫ್ರೈಟಿಸ್, ಅಂದರೆ ಮೂತ್ರಕೋಶದ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ತಗಲಿದ್ದು. ಉರಿ ಶುರುವಾದಾಗಲೇ ಬಂದಿದ್ದರೆ ಕೆಲವು ದಿನಗಳ ಗುಳಿಗೆಗೆ ಹೋಗುವ ರೋಗ. ಹಾಗೇ ಬಿಟ್ಟರೆ ರಕ್ತಕ್ಕೆ ಹರಡಿ ತಾಯಿಯ ಜೀವಕ್ಕೇ ಕುತ್ತು. ದಿನ ತುಂಬುವ ಮೊದಲೇ ಹೆರಿಗೆನೋವು ಬರಬಹುದು. ಮಲ್ಲಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಆಗಲೇ ಬಿಗಿಯುತ್ತಿತ್ತು.

"ಗುಳಿಗಿ ಕೊಟ್ಟು ಕಳಸ್ರಿ," ಎಂದು ಗೊಣಗಿದ ಸಾಬಣ್ಣನಿಗೆ, "ಕೂಸು ಬೇಕೋ ಬ್ಯಾಡೋ?" ಎಂದು ಗದರಿದೆ. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಉಳಿಸಲು ಒಪ್ಪಿದ. ಯಾವ ಔಷಧಕ್ಕೆ ಕ್ರಿಮಿ ಬಗ್ಗುತ್ತದೆಂದು ತಿಳಿಯಲು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದೆ. ಅದು ಬರುವವರೆಗೆ ಕಾಯುವಂತಿರಲಿಲ್ಲ. ಸಲೈನ್ ಹಚ್ಚಿ, ಬಸುರಿಯರಿಗೆ ಒಗ್ಗುವ ಆಂಟಿಬಯಾಟಿಕ್ ಇಂಜೆಕ್ಷನ್ ಶುರುಮಾಡಿದೆ. ಕೆಲವು ದಿನಗಳಲ್ಲಿ ಜ್ವರ ಇಳಿಯಿತು, ಹೊಟ್ಟೆ ಸಡಿಲವಾಯಿತು. ಕೂಸಿನ ಎದೆಬಡಿತ ಗಟ್ಟಿಯಾಗಿತ್ತು.

ಆದರೆ ಅದೇ ಸೈಟಿಗೆ ಹಿಂತಿರುಗಿದರೆ ಅದೇ ರೋಗ. ನಾನೇ ಅಲ್ಲಿಗೆ ಹೋಗಿ, ಹೆಂಗಸರಿಗೊಂದು ಮರೆಯ ಜಾಗ ಬೇಕೆಂದೆ. ಕೂಲಿಯವರ ಮೇಲ್ವಿಚಾರಕ ಮುಕಾದಮ, ಇದೂ ಡಾಕ್ಟರರ ಕೆಲಸವೇ ಎಂದು ಮರಾಠಿಯಲ್ಲಿ ನಕ್ಕ.

"ಒಂದೊಂದು ಫ್ಲ್ಯಾಟಿಗೆ ಎರಡೆರಡು ಸಂಡಾಸು ಕಟ್ಟುತ್ತೀರಿ. ಕಟ್ಟುವವಳಿಗೆ ಒಂದಿಲ್ಲವೇ?" ಎಂದು ನಾನೂ ಮರಾಠಿಯಲ್ಲೇ, ಎಲ್ಲರಿಗೂ ಕೇಳುವಂತೆ ಕೇಳಿದೆ. ಇಟ್ಟಿಗೆ ಹೊರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿ ನಿಂತುಬಿಟ್ಟರು. ಅದೇ ವಾರ ಅಲ್ಲಿ ಹೆಂಗಸರಿಗೆಂದು ತಗಡಿನ ಸಂಡಾಸು ಎದ್ದಿತು.

ಎಷ್ಟೋ ಕಷ್ಟದ ಹೆರಿಗೆಗಳನ್ನು ಮಾಡಿಸಿದ್ದೇನೆ. ಆ ತಗಡಿನ ಬಾಗಿಲಿನ ಬಗ್ಗೆ ಇರುವಷ್ಟು ಹೆಮ್ಮೆ ನನಗೆ ಯಾವುದರ ಬಗ್ಗೆಯೂ ಇಲ್ಲ. ಅಂದಿನಿಂದ ಜ್ವರದ ಹೆಂಗಸು ಬಂದರೆ, ಥರ್ಮಾಮೀಟರ್ ಇಡುವ ಮೊದಲು ನೀರು ಕುಡಿಯುತ್ತೀಯಾ, ಎಲ್ಲಿ ಹೋಗುತ್ತೀ ಎಂದು ಕೇಳುವುದು ರೂಢಿಯಾಯಿತು. ಕಿರಿಯ ವೈದ್ಯರಿಗೂ ಅದನ್ನೇ ಕಲಿಸಿದೆ.

ಮಲ್ಲಮ್ಮ ದಿನ ತುಂಬಿ ಹೆಣ್ಣು ಹೆತ್ತಳು. ಲಸಿಕೆ ಹಾಕಿಸಲು ಕೂಸನ್ನೆತ್ತಿಕೊಂಡು ಬಂದಾಗ ಸಿಸ್ಟರ್ ನೀರು ಕೊಟ್ಟಳು. ಆಕೆ ಗಟಗಟ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ನನ್ನನ್ನೇ ನೋಡುತ್ತ ಲೋಟ ಚಾಚಿದಳು.

"ಇನ್ನೊಂದು ಲೋಟಾ ಕೊಡ್ರಿ."