ಬೆಳ್ಳಕ್ಕಿ ಕಂಪನಿಯವರು

ಸೀರಿಯಲ್ ಮುಗಿದ ಕೂಡಲೇ ಎಲ್ಲರ ಮನೆಯಲ್ಲೂ ಒಂದು ಗಡಿಬಿಡಿ ಶುರುವಾಗುತ್ತದೆ. ಒಬ್ಬರು ಕುಕ್ಕರಿನ ಕಡೆ ಓಡುತ್ತಾರೆ, ಇನ್ನೊಬ್ಬರು ರಿಮೋಟು ಹುಡುಕುತ್ತಾರೆ. ಅದೇ ಹೊತ್ತಿಗೆ ಪರದೆಯ ಮೇಲೆ ಶುರುವಿನಲ್ಲೊಮ್ಮೆ ಬಂದಿದ್ದ ಚಿತ್ರವೊಂದು ಮೂರು ಸೆಕೆಂಡು ಮತ್ತೆ ಬಂದು ಹೋಗುತ್ತದೆ. ದೀಪವೋ ಬಿಂದಿಗೆಯೋ ಹಕ್ಕಿಯೋ, ಜೊತೆಗೆ ಒಂದು ತುಣುಕು ಸಂಗೀತ. ಆ ಸೀರಿಯಲ್ಲನ್ನು ತಯಾರಿಸಿದ ಕಂಪನಿಯ ಗುರುತು ಅದು. ಪರದೆಯ ಮೂಲೆಯಲ್ಲಿ ಸದಾ ಅಂಟಿಕೊಂಡಿರುವುದು ಚಾನೆಲ್ಲಿನ ಗುರುತು. ಅದರ ಮಾತು ಬೇರೆ. ಚಾನೆಲ್ಲು ಮದುವೆಯ ಛತ್ರವಿದ್ದ ಹಾಗೆ. ಊಟ ರುಚಿಯಾಗಿದ್ದರೆ ಛತ್ರದ ಮಾಲೀಕನನ್ನು ಯಾರು ಕೇಳುತ್ತಾರೆ? ಅಡುಗೆಯವರು ಯಾರು ಎಂದು ಕೇಳುತ್ತಾರೆ.

ನಾನು ಹಾಗೆ ಕೇಳುವವರ ಪೈಕಿ. ಬ್ಯಾಂಕಿನಲ್ಲಿ ದಿನವಿಡೀ ಜನರ ಸಹಿ ಹೋಲಿಸಿ ನೋಡುವ ಕೆಲಸ, ಆ ಚಟ ಮನೆಗೂ ಬಂದಿದೆ. ಬಿಂದಿಗೆಯ ಕಂಪನಿ ಬಿಂದಿಗೆಯನ್ನೇ ಯಾಕೆ ಆರಿಸಿತು? ಮಾಲೀಕನ ತಾಯಿ ನೀರು ಹೊತ್ತು ಮಗನನ್ನು ಓದಿಸಿದಳೋ, ಯಾರಾದರೂ ಜ್ಯೋತಿಷಿ ಹೇಳಿದನೋ? ತುಂಬಿ ಚೆಲ್ಲುವ ಆ ನೀರನ್ನು ಬಿಡಿಸಿದವರು ಯಾರು? ‘ಅದು ನಾನು ಮಾಡಿದ್ದು’ ಎಂದು ಮನೆಯವರಿಗೆ ಬೆರಳು ತೋರಿಸುವಷ್ಟರಲ್ಲಿ ಅದು ಮಾಯವಾಗಿರುತ್ತದಲ್ಲ, ಪಾಪ. ಫೋನಿನಲ್ಲಿ ಹುಡುಕಿ ನೋಡಿದೆ. ಕಂಪನಿಯ ವಿಳಾಸ ಸಿಕ್ಕಿತು, ಬಿಂದಿಗೆಯ ಕಥೆ ಸಿಗಲಿಲ್ಲ.

ನಾವಿರುವುದು ನಾಸಿಕ್ ರೋಡಿನಲ್ಲಿ. ಕಲಬುರಗಿಯಿಂದ ವರ್ಗವಾಗಿ ನಾನು ಬಂದೆ, ನಮ್ಮವರಿಗೆ ಸಾತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾವ ತೀರಿಕೊಂಡ ಮೇಲೆ ಅತ್ತೆಯೂ ಬೀದರ್ ಕಡೆಯ ಊರು ಬಿಟ್ಟು ನಮ್ಮ ಜೊತೆ ಇರಲು ಬಂದರು. ಅದಾಗಿ ಆರು ವರ್ಷ. ಹೊಸದರಲ್ಲಿ ನಮ್ಮಿಬ್ಬರ ನಡುವೆ ಅಡುಗೆ, ಹಾಲಿನವನು ಇವೆರಡು ಬಿಟ್ಟರೆ ಮಾತೇ ಇರಲಿಲ್ಲ. ಈ ಗುರುತುಗಳೇ ನಮ್ಮನ್ನು ಹತ್ತಿರ ಮಾಡಿದವು.

ಒಂದು ಸಂಜೆ ಅತ್ತೆ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಹೊರಗೆ ಟಿ.ವಿ.ಯಲ್ಲಿ ಯಾವುದೋ ಹೊಸ ಮರಾಠಿ ಸೀರಿಯಲ್ ಶುರುವಾಗಿ, ಕೊಳಲಿನ ಎರಡು ಸ್ವರ ಕೇಳಿಸಿತು. ಬೆಳ್ಳಕ್ಕಿಯವರು ಇಲ್ಲಿಗೂ ಬಂದರಲ್ಲ ಎಂದರು ಒಳಗಿನಿಂದಲೇ. ನೋಡಿದರೆ ಹೌದು: ನೀಲಿ ಕೆರೆ, ಅದರಿಂದ ರೆಕ್ಕೆ ಬಿಚ್ಚಿ ಮೇಲೇಳುವ ಬೆಳ್ಳಕ್ಕಿ. ನಾವು ಏಳು ಗಂಟೆಗೆ ನೋಡುವ ಕನ್ನಡ ಸೀರಿಯಲ್ಲಿನ ಮೊದಲಿಗೆ ಬರುವುದೂ ಅದೇ ಹಕ್ಕಿ. ಒಂದೇ ಕಂಪನಿ ಎರಡು ಭಾಷೆಯಲ್ಲಿ ಕಥೆ ಹೇಳುತ್ತಿತ್ತು. ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಬಿದ್ದಿತ್ತು.

ಅತ್ತೆಯ ತಲೆಯಲ್ಲಿ ಕನ್ನಡ, ಮರಾಠಿ, ಹಿಂದಿ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಜಾತಕ ಇದೆ ಎಂದು ಆಮೇಲೆ ತಿಳಿಯಿತು. ಯಾವುದಕ್ಕೂ ನಿಜವಾದ ಹೆಸರಿಲ್ಲ. ದೀಪದವರು, ಬಿಂದಿಗೆಯವರು, ಆನೆಮರಿಯವರು. ದೀಪದವರು ಕಥೆ ಎಳೆಯುವುದರಲ್ಲಿ ಎತ್ತಿದ ಕೈ. ಬಿಂದಿಗೆಯವರ ಮನೆಯಲ್ಲಿ ಬಸುರಿ ಮೆಟ್ಟಿಲಿನಿಂದ ಬೀಳದೆ ಇರುವುದಿಲ್ಲ. ಆನೆಮರಿಯವರಿಗೆ ಕಥೆ ಗೊತ್ತಿಲ್ಲ, ಸೀರೆ ಗೊತ್ತು. ಬೆಳ್ಳಕ್ಕಿಯವರು ಮಾತ್ರ ಮರ್ಯಾದಸ್ಥರು. ಅವರ ಸೀರಿಯಲ್ಲಿನಲ್ಲಿ ಅತ್ತೆ ಎಷ್ಟೇ ಕೆಟ್ಟವಳಾಗಿರಲಿ, ಕೊನೆಗೆ ತಪ್ಪು ಒಪ್ಪಿಕೊಳ್ಳುತ್ತಾಳೆ. ಮೊದಲ ದಿನ ಗುರುತು ನೋಡಿಯೇ ನಮ್ಮತ್ತೆ ಮುಂದಿನ ಮೂರು ತಿಂಗಳ ಕಥೆ ಹೇಳುತ್ತಿದ್ದರು, ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿತ್ತು. ಕಂಪನಿಗಳ ಹೆಸರು ಬಾಯಿಪಾಠ ಮಾಡಿದ್ದ ನಾನು ಅವರೆದುರು ದಿನಾ ಸೋಲುತ್ತಿದ್ದೆ. ಇವರು ಒಂದರ ಹೆಸರನ್ನೂ ಯಾಕೆ ಹೇಳುವುದಿಲ್ಲ ಎಂದು ಮಾತ್ರ ಯೋಚಿಸಲಿಲ್ಲ.

ಯೋಚಿಸಲು ಕಾರಣವೂ ಇರಲಿಲ್ಲ. ಅತ್ತೆ ನಾಲ್ಕನೇ ಇಯತ್ತೆ ಪಾಸು ಎಂದು ಮದುವೆಯ ಮಾತುಕತೆಯಲ್ಲೇ ಅವರಪ್ಪ ಹೇಳಿದ್ದರಂತೆ, ಅದು ಮನೆತನದಲ್ಲೆಲ್ಲ ಗೊತ್ತಿದ್ದ ಸಂಗತಿ. ಪ್ರತಿದಿನ ಸ್ನಾನ, ಲಿಂಗಪೂಜೆ ಮುಗಿಸಿ, ಕನ್ನಡಕ ಏರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದ ವಚನದ ಪುಸ್ತಕ ತೊಡೆಯ ಮೇಲಿಟ್ಟು, ಸಾಲಿನ ಮೇಲೆ ಬೆರಳಾಡಿಸುತ್ತ ಓದುತ್ತಿದ್ದರು. ದನಿ ಚೆನ್ನಾಗಿತ್ತು. ನಾನು ಡಬ್ಬಿ ಕಟ್ಟುತ್ತ ಕೇಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ನಾದಿನಿಗೆ ಗರ್ಭಕೋಶದ ಆಪರೇಷನ್ ಆಯಿತು. ನಾದಿನಿ ಎಂದರೆ ನಮ್ಮವರ ತಂಗಿ. ಸಂಭಾಜಿನಗರದಲ್ಲಿ ಇರುತ್ತಾಳೆ, ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವನು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಫೋನು ಮಾಡಿ, ಅವ್ವ ಬಂದು ಒಂದು ತಿಂಗಳು ಇದ್ದರೆ ಸಾಕು ಎಂದು ಅತ್ತಳು. ನಾಸಿಕದಿಂದ ಐದು ತಾಸಿನ ಬಸ್ಸು. ಹತ್ತಿಸಲು ನಾನಿದ್ದೆ, ಆ ಕಡೆ ಇಳಿಸಿಕೊಳ್ಳಲು ಅಳಿಯ ಇದ್ದ. ಅತ್ತೆ ಒಬ್ಬರೇ ಹೋಗುವುದಿಲ್ಲ ಎಂದರು. ಯಾವಾಗಲೂ ಹೀಗೆಯೇ, ಎಲ್ಲಿಗೆ ಹೋಗುವುದಿದ್ದರೂ ಮಗ ರಜೆ ಹಾಕಿ ಜೊತೆಗೆ ಬರಬೇಕು. ಈ ಸಲ ನಮ್ಮವರಿಗೆ ಇನ್ನೆರಡು ವಾರ ರಜೆ ಸಿಗುವಂತಿರಲಿಲ್ಲ. ಅವರು ತಾಯಿಗೆ ಒಂದು ಮಾತೂ ಅನ್ನದೆ, ರಜೆ ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದರು. ಅಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ತಾನೇ ಚಹಾ ಕಾಸುತ್ತಿದ್ದಳು.

ಒಬ್ಬರೇ ಬಸ್ಸು ಹತ್ತಿದರೆ ಮಾನ ಕಡಿಮೆ ಎಂಬ ಬಿಗುಮಾನ ಇದು ಎಂದುಕೊಂಡೆ, ನನಗೆ ಕೋಪ ಮೂಗಿನ ತುದಿಯಲ್ಲೇ. ಅತ್ತೆಯ ಎದುರು ನಿಂತು ಕೇಳಿಬಿಟ್ಟೆ.

"ಮಗಳಿಗಿಂತ ನಿಮ್ಮ ಮಾನ ದೊಡ್ಡದಾಯ್ತೇನ್ರಿ ನಿಮಗ?"

ಅತ್ತೆ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಆ ಹೊತ್ತಿಗೆ ನನಗೆ ಆಡಿದ್ದು ಸರಿಯೇ ಎನಿಸಿತ್ತು.

ಮೂರು ದಿನ ಕಳೆದಿರಬೇಕು. ಏಳು ಗಂಟೆಯ ಸೀರಿಯಲ್ ಶುರುವಾಯಿತು, ಕೊಳಲು ಬರಲಿಲ್ಲ. ಕೆರೆಯೂ ಇಲ್ಲ, ಬೆಳ್ಳಕ್ಕಿಯೂ ಇಲ್ಲ. ಬಿಳಿ ಪರದೆಯ ಮೇಲೆ ಕಂಪನಿಯ ಹೆಸರು ದೊಡ್ಡ ಕನ್ನಡ ಅಕ್ಷರಗಳಲ್ಲಿ ಮೂಡಿ, ಟಕ್ಕೆಂದು ಸದ್ದು ಮಾಡಿ ಹೋಯಿತು. ಕಂಪನಿಯವರು ಗುರುತು ಬದಲಿಸಿದ್ದರು. ಚಿತ್ರವಿದ್ದರೆ ಹಳೇ ಕಾಲದ್ದು, ಬರೀ ಅಕ್ಷರವಿದ್ದರೆ ಹೊಸದು ಎಂದು ಈಗ ಎಲ್ಲರಿಗೂ ಅನಿಸಿದೆ.

ಅತ್ತೆ ಕಂಗಾಲಾದರು. ಬೆಳ್ಳಕ್ಕಿಯವರ ಕೈಯಿಂದ ಸೀರಿಯಲ್ಲನ್ನು ಯಾರೋ ಕಸಿದುಕೊಂಡಿದ್ದಾರೆ, ಇವರು ಹೊಸಬರು, ಇನ್ನು ಆ ಕಥೆಯ ಅತ್ತೆ ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂದರು. ಅವರೇ ಇವರು, ಹೆಸರು ಅಲ್ಲೇ ಬರೆದಿದೆಯಲ್ಲ ಎಂದೆ ನಾನು. ಅದೇ ಹೆಸರು ಮೊದಲು ಸಣ್ಣದಾಗಿ ಹಕ್ಕಿಯ ಕಾಲಿನ ಬಳಿ ಇರುತ್ತಿತ್ತು. ಕನ್ನಡಕ ಮಬ್ಬಾಗಿದೆ ಎಂದು ಅತ್ತೆ ಸೆರಗಿನಿಂದ ಒರೆಸಿಕೊಂಡರು. ಕೊನೆಯಲ್ಲಿ ಅಕ್ಷರಗಳು ಮತ್ತೆ ಬಂದಾಗ ನಾನು ರಿಮೋಟು ಒತ್ತಿ ಪರದೆಯನ್ನು ಅಲ್ಲೇ ನಿಲ್ಲಿಸಿದೆ. ಅವರು ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಯಾರೋ ಏನೋ ಎಂದು ಎದ್ದು ಹೋದರು.

ಆಗ ನನ್ನ ತಲೆಯಲ್ಲಿ ಒಂದೊಂದಾಗಿ ಕೂಡತೊಡಗಿತು. ಅತ್ತೆ ತಮ್ಮ ಗುಳಿಗೆಯ ಪಟ್ಟಿಗಳಲ್ಲಿ ಒಂದರ ಮೂಲೆ ಕತ್ತರಿಸಿ, ಇನ್ನೊಂದಕ್ಕೆ ದಾರ ಕಟ್ಟಿ ಇಟ್ಟುಕೊಳ್ಳುವುದು. ಮದುವೆಯ ಪತ್ರಿಕೆ ಬಂದರೆ ನೀನೇ ಜೋರಾಗಿ ಓದು, ಎಲ್ಲರೂ ಕೇಳಲಿ ಎನ್ನುವುದು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ನನಗೆ ಕನ್ನಡಿಯೇ ಬೇಕಾಯಿತು. ಅತ್ತೆ ಸ್ನಾನಕ್ಕೆ ಹೋದಾಗ ವಚನದ ಪುಸ್ತಕದ ಹೊದಿಕೆ ಕಳಚಿ, ಅದೇ ಅಳತೆಯ ನನ್ನ ಉಪ್ಪಿನಕಾಯಿ ಪುಸ್ತಕಕ್ಕೆ ಹಾಕಿ ಜಾಗದಲ್ಲಿಟ್ಟೆ.

ಅತ್ತೆ ಬಂದು ಕುಳಿತರು. ಕನ್ನಡಕ ಏರಿಸಿದರು. ಪುಸ್ತಕ ಎತ್ತಿ ಒಂದು ಗಳಿಗೆ ಕೈಯಲ್ಲೇ ಹಿಡಿದಿದ್ದು, ತೆರೆದು, ನಿಂಬೆಕಾಯಿಗೆ ಎಷ್ಟು ಉಪ್ಪು ಎಂದು ಬರೆದ ಸಾಲಿನ ಮೇಲೆ ಬೆರಳಾಡಿಸುತ್ತ ದಿನದ ವಚನಗಳನ್ನು ಹೇಳಿದರು. ಎಲ್ಲಿಯೂ ತಡವರಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಮುಗಿಸಿ, ಪುಸ್ತಕ ಕಣ್ಣಿಗೊತ್ತಿಕೊಂಡು, ನನ್ನ ಕಡೆ ತಿರುಗಿದರು.

"ಈ ಪುಸ್ತಕ ಹಗೂರ ಅದ," ಎಂದರು. "ನೀ ಬದಲ್ ಮಾಡಿದ್ದು ಕೈಯಾಗ ಹಿಡದಾಗೇ ಗೊತ್ತಾತು. ಕೇಳಿದ್ರ ಹೇಳ್ತಿದ್ದೆನವ್ವ ನಾ."

ನಾಚಿಕೆ ಎಂದರೆ ಏನು ಎಂದು ನನಗೆ ಅಂದು ತಿಳಿಯಿತು. ಅವರ ಕಾಲ ಬಳಿ ಕುಳಿತು ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಎಲ್ಲ ಹೇಳಿದರು. ಅಪ್ಪ ಹೇಳಿದ ಸುಳ್ಳನ್ನು ಮಾವ ಮದುವೆಯಾದ ತಿಂಗಳಲ್ಲೇ ಕಂಡುಹಿಡಿದಿದ್ದರಂತೆ, ಯಾರಿಗೂ ಹೇಳಲಿಲ್ಲವಂತೆ. ದಿನಾ ಹೊಲದಿಂದ ಬಂದ ಮೇಲೆ ಒಂದೊಂದೇ ವಚನ ಓದಿ ಹೇಳಿಕೊಟ್ಟವರು ಅವರೇ. ಬಸ್ಸಿನ ಮಾತೂ ಬಂತು. ನಡುದಾರಿಯ ಯೇವಲಾದಲ್ಲಿ ಬಸ್ಸು ನಿಂತಾಗ ತಾವು ಮೂತ್ರಕ್ಕೆ ಕೆಳಗಿಳಿದು ಹೋಗಲೇಬೇಕು. ತಿರುಗಿ ಬಂದರೆ ಸಾಲಾಗಿ ಹತ್ತು ಬಸ್ಸು, ಎಲ್ಲವೂ ಕೆಂಪು, ಎಲ್ಲದರ ಮೇಲೂ ಒಂದೇ ಗುರುತು. ತಮ್ಮದು ಯಾವುದೆಂದು ಯಾರನ್ನಾದರೂ ಕೇಳಿದರೆ, ಬೋರ್ಡು ನೋಡಿ ಅಜ್ಜಿ ಎನ್ನುತ್ತಾರೆ.

ಮಗನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಹೇಳಲಿಲ್ಲ. ಸಂಜೆ ನಮ್ಮವರು ಬಂದಾಗ, ನಾನೇ ರಜೆ ಹಾಕಿ ಅತ್ತೆಯನ್ನು ಬಿಟ್ಟು ಬರುತ್ತೇನೆ ಎಂದೆ, ಅಷ್ಟೇ. ಅವರು ಶೂ ಬಿಚ್ಚುತ್ತಿದ್ದವರು ತಲೆ ಎತ್ತಿ ನನ್ನ ಮುಖ ನೋಡಿದರು.

"ನಿಂಗೂ ಗೊತ್ತಾತಲ್ಲ," ಎಂದರು.

ಅವರಿಗೆ ಮೂರನೇ ಇಯತ್ತೆಯಿಂದಲೇ ಗೊತ್ತಿತ್ತಂತೆ. ಗಣಿತದಲ್ಲಿ ಫೇಲಾದ ಪ್ರಗತಿ ಪತ್ರ ಹಿಡಿದು ಹೆದರುತ್ತ ಮನೆಗೆ ಬಂದಿದ್ದರು. ತಾಯಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಜಾಣ ಎಂದು ಬಾಯಿಗೆ ಸಕ್ಕರೆ ಹಾಕಿದ್ದರು. ಅಂದಿನಿಂದ ಬಾಯಿ ಬಿಟ್ಟಿಲ್ಲ. ಕಂಡಕಂಡಲ್ಲಿಗೆ ರಜೆ ಹಾಕಿ ತಾಯಿಯ ಜೊತೆ ಹೋಗಿದ್ದಕ್ಕೆ ಇಷ್ಟು ವರ್ಷ ನನ್ನಿಂದ ಬೈಸಿಕೊಂಡರು, ಆಗಲೂ ಬಾಯಿ ಬಿಡಲಿಲ್ಲ. ತನಗೆ ಗೊತ್ತಿರುವುದು ಅವ್ವನಿಗೆ ತಿಳಿಯಬಾರದು ಎಂದು ಅವರೂ ನನ್ನಿಂದ ಮಾತು ತೆಗೆದುಕೊಂಡರು. ಇಂಥ ಜನರ ನಡುವೆ ನಾನೊಬ್ಬಳೇ ಬಾಯಿಬಡುಕಿ ಎನಿಸಿತು.

ಶನಿವಾರ ಬೆಳಿಗ್ಗೆ ಹೊರಟೆವು. ಬಸ್ಸು ಊರು ದಾಟುತ್ತಿದ್ದಂತೆ ಅತ್ತೆ ನನ್ನ ಮೊಣಕೈ ತಿವಿದು, ಒಂದು ಗೋಡೆಯ ಕಡೆ ತೋರಿಸಿ, ಅಲ್ಲಿ ಏನು ಬರೆದಿದೆ ಎಂದು ಮೆಲ್ಲಗೆ ಕೇಳಿದರು. ಸಿಮೆಂಟಿನ ಜಾಹೀರಾತು ಎಂದೆ. ಅಲ್ಲಿ? ದ್ರಾಕ್ಷಿ ಸಸಿ ಸಿಗುತ್ತವೆ. ಆ ಕೆಂಪು ಅಕ್ಷರ? ಯಾರೋ ಪುಢಾರಿಯ ಹುಟ್ಟುಹಬ್ಬಕ್ಕೆ ಶುಭಾಶಯ. ಅದು? ಪಂಕ್ಚರ್ ತೆಗೆಯುತ್ತಾರೆ. ನಾಸಿಕದಿಂದ ಯೇವಲಾದವರೆಗೆ ಒಂದು ಬೋರ್ಡನ್ನೂ ಬಿಡಲಿಲ್ಲ. ಎಪ್ಪತ್ತು ವರ್ಷ ಕೇಳದೆ ಇಟ್ಟುಕೊಂಡಿದ್ದೆಲ್ಲ ಒಂದೇ ದಿನ ಹೊರಗೆ ಬಂತು. ಓದಿ ಓದಿ ನನ್ನ ಗಂಟಲು ಒಣಗಿತು.

"ಇಷ್ಟೇ ಏನು ಮಂದಿ ಬರಿಯೋದು?" ಎಂದರು ಕೊನೆಗೆ. ಅಷ್ಟು ದೊಡ್ಡ ಅಕ್ಷರಗಳಲ್ಲಿ ಏನೋ ಮಹತ್ವದ್ದು ಇರುತ್ತದೆ ಎಂದು ತಿಳಿದಿದ್ದರಂತೆ. ಬೆಳ್ಳಕ್ಕಿಯವರ ಖರೆ ಹೆಸರನ್ನೂ ಕೇಳಿದರು. ಹೇಳಿದೆ. ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, ರುಚಿಯಿಲ್ಲ, ನಾನಿಟ್ಟ ಹೆಸರೇ ಚಲೋ ಎಂದರು.

ನಾದಿನಿ ಮಂಚದ ಮೇಲಿದ್ದಳು. ತಾಯಿಯನ್ನು ಕಂಡು ಅತ್ತಳು, ತಾಯಿಯೂ ಅತ್ತರು. ಚಹಾ ಆದ ಮೇಲೆ ಅವಳು ದಿಂಬಿನ ಕೆಳಗಿನಿಂದ ಒಂದು ಹಾಳೆ ತೆಗೆದಳು. ಐದು ನಮೂನೆಯ ಗುಳಿಗೆ. ಯಾವುದು ಊಟದ ಮೊದಲು, ಯಾವುದು ಆಮೇಲೆ, ಯಾವುದನ್ನು ವಾಂತಿಯಾದರೆ ನಿಲ್ಲಿಸಬೇಕು. ಡಾಕ್ಟರರ ಚೀಟಿ ಇಂಗ್ಲಿಷಿನಲ್ಲಿತ್ತು. ಅವ್ವ ನೋಡಿ ಕೊಡಲಿ ಎಂದು ನೋವಿನಲ್ಲೇ ಕುಳಿತು ಎಲ್ಲವನ್ನೂ ಕನ್ನಡದಲ್ಲಿ ದುಂಡಗೆ ಬರೆದಿಟ್ಟಿದ್ದಳು.

ನಾನು ಬೇಗ ಕೈ ಚಾಚಿ, ಕೊಡು ನಾನು ನೋಡುತ್ತೇನೆ ಎಂದೆ. ಅತ್ತೆ ನನ್ನ ಕೈ ಸರಿಸಿ ಹಾಳೆಯನ್ನು ತಾವೇ ತೆಗೆದುಕೊಂಡರು. ಮಗಳ ಅಕ್ಷರದ ಮೇಲೆ ಅಂಗೈ ಇಟ್ಟರು.

"ನಂಗ ಓದ್ಲಿಕ್ಕ ಬರಂಗಿಲ್ಲ, ಮಗಳ," ಎಂದರು. "ಒಂದ್ ಅಕ್ಷರನೂ ಬರಂಗಿಲ್ಲ."

ನಾದಿನಿ ತಾಯಿಯನ್ನೂ ನನ್ನನ್ನೂ ನೋಡಿದಳು. ಅತ್ತೆ ಹಾಳೆಯನ್ನು ನನಗೆ ಕೊಟ್ಟು, ಗುಳಿಗೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಸಾಲಾಗಿ ಇಟ್ಟುಕೊಂಡರು.

"ಓದವ್ವ," ಎಂದರು. "ಎರಡ್ ಸಲ ಓದು, ಸಾಕು."

ನಾನು ಎರಡು ಸಲ ಓದಿದೆ. ಮೂರನೇ ಸಲ ಅವರೇ ಹೇಳಿದರು, ಒಂದು ಗುಳಿಗೆಯೂ ತಪ್ಪಲಿಲ್ಲ.