ಮುಚ್ಚಿದೆ ಎಂದು ಬರೆದ ಬಾವಿ

ಅಂದು ಬಸವೇಶ್ವರಿ ಕಚೇರಿಯ ಮೇಜಿನ ಮುಂದೆ ಚಹಾ ಹಿಡಿದು ಕೂತಿದ್ದಳು. ಧಾರವಾಡದ ಆ ಹುಡುಗಿ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹೈಡೆಲ್‌ಬರ್ಗಿಗೆ ಬಂದು ಎರಡು ವರ್ಷವಾಗಿತ್ತು. ಪಾಳುಬಿದ್ದ ಎಣ್ಣೆಬಾವಿಗಳ ಕೈಬರಹದ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ‘ಫೆರ್‌ಫ್ಯುಲ್ಟ್’, ಅಂದರೆ ತುಂಬಿದೆ, ಎಂದಿದ್ದ ಕಡೆಯೆಲ್ಲ ಅವಳು ‘ಭದ್ರವಾಗಿ ಮುಚ್ಚಿದೆ’ ಎಂದು ಬರೆದಿದ್ದಳು. ಆ ಬೆಳಿಗ್ಗೆ ಒಂದು ಕಾರ್ಡು ಕೈಜಾರಿ ಮಗುಚಿ ಬಿತ್ತು. ಬಾವಿಗೆ ತುಂಬಿದ್ದು ಸಿಮೆಂಟಲ್ಲ, ಬರೀ ಮಣ್ಣು ಮತ್ತು ಮರದ ತುಂಡು ಎಂದು ಹಿಂಬದಿಯಲ್ಲಿತ್ತು. ಸಿಮೆಂಟಿಲ್ಲದ ಬಾವಿಯಿಂದ ಅನಿಲ ಸೋರಬಹುದು; ಅವಳ ಬರಹವನ್ನು ನಂಬಿ ಅದರ ಮೇಲೆ ಶಿಶುವಿಹಾರದ ಆಟದ ಬಯಲು ಮಾಡಿದ್ದರು.

“ಸುಮ್ನಿರಿ ಅಕ್ಕಾ, ಕಾರ್ಡಿನ ಬೆನ್ನು ಯಾರು ನೋಡ್ತಾರೆ?” ಎಂದ ಪಕ್ಕದ ಮೇಜಿನ ಮೈಸೂರಿನ ಸುಹಾಸ್. “ಹೇಳಿದ್ರೆ ಕೆಲಸ ಹೋಗುತ್ತೆ, ಹಿಂದೇನೇ ವೀಸಾನೂ ಹೋಗುತ್ತೆ.”

“ನೀ ನೋಡೂದಿಲ್ಲ, ಖರೆ. ಅಲ್ಲಿ ಕೂಸುಗಳು ಮಣ್ಣಾಗ ಆಡ್ತಾವಲ್ಲೋ ತಮ್ಮಾ.”

ಚಹಾ ಅಲ್ಲೇ ಬಿಟ್ಟು ಅವಳು ಮೇಲಧಿಕಾರಿಯ ಕೋಣೆಗೆ ಹೋದಳು. ತಾನು ಬರೆದದ್ದು ತಪ್ಪೆಂದು ಹೇಳಿದಳು. ಕಾರ್ಡನ್ನು ಮಗುಚಿ ತೋರಿಸಿದಳು. ಅಧಿಕಾರಿ ಬೈಯದೆ ಶಿಶುವಿಹಾರಕ್ಕೆ ಫೋನ್ ಮಾಡಿದಳು.

ಮಧ್ಯಾಹ್ನ ಅವಳೂ ಹೋಗಿದ್ದ ಆ ಬಯಲಿನ ಜಾರುಬಂಡೆಯ ಬುಡದಲ್ಲಿ ಅನಿಲ ಅಳೆಯುವ ಯಂತ್ರ ಬಿಟ್ಟೂಬಿಡದೆ ಕೂಗಿತು. ಕೈಕೈ ಹಿಡಿದು ಹೊರಗೆ ಹೋಗುತ್ತಿದ್ದ ಮಕ್ಕಳಲ್ಲಿ ಒಂದು ಅವಳತ್ತ ಕೈಬೀಸಿತು. ಅವಳಿಗೆ ಕೈ ಎತ್ತಲಾಗಲಿಲ್ಲ.

ಕೆಲಸ ಹೋಗಲಿಲ್ಲ. ಈಗಲೂ ಅವಳು ಅದೇ ಕಚೇರಿಯಲ್ಲಿದ್ದಾಳೆ. ಬಾವಿಗೆ ಸಿಮೆಂಟು ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ‘ಮುಚ್ಚಿದೆ’ ಎಂದು ಬರೆಯುತ್ತಾಳೆ. ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಾಳೆ.