ಸರದಾರರ ಕೈ ಹಿಡಿದ ರಂಗೂಬಾಯಿ

ಆಲಮಟ್ಟಿ ಸೀಮೆಯ ಮಸೂತಿ ಎಂಬ ಊರಿನ ಕಡೆಯ ನಮ್ಮೂರಿನ ದೊಡ್ಡಮನೆ ವಾಡೆಯ ಹಿರಿಯರಿಗೆ ಇಂಗ್ಲಿಷರು ಸರದಾರ ಎಂಬ ಪದವಿಯನ್ನೂ ಒಂದು ಕತ್ತಿಯನ್ನೂ ಕೊಟ್ಟಿದ್ದರಂತೆ. ಅವು ತಂದೆಯಿಂದ ಹಿರಿಮಗನಿಗೆ, ಮಗನಿಲ್ಲದಿದ್ದರೆ ಅಣ್ಣತಮ್ಮರ ಗಂಡುಸಂತಾನಕ್ಕೆ. ಹೆಣ್ಣಿಗಿಲ್ಲ. ಇಂಗ್ಲಿಷರು ಹೋದರು, ಪದವಿಯೂ ಹೋಯಿತು. ಆದರೆ ದಸರೆಗೆ ಬನ್ನಿ ಮರಕ್ಕೆ ಮೊದಲ ಏಟು ಇಂದಿಗೂ ಆ ಕತ್ತಿಯದೇ. ಅದು ಬೀಳುವವರೆಗೆ ಊರಲ್ಲಿ ಯಾರೂ ಬನ್ನಿ ಮುರಿಯುವುದಿಲ್ಲ. ಏಟು ಹಾಕಿದವರೇ ನಮಗೆ ಸರದಾರರು.

ನಾನು ಕಂಡ ಸರದಾರರು ಗೋವಿಂದರಾಯರು. ರಂಗೂಬಾಯಿ ಅವರ ಒಬ್ಬಳೇ ಮಗಳು. ನಾನು ಆ ಮನೆಯ ಟ್ರ್ಯಾಕ್ಟರ್ ಹೊಡೆಯುವವನು. ರಂಗೂಬಾಯಿಯವರು ಬಾಳಿದ್ದನ್ನು ಕಣ್ಣಾರೆ ಕಂಡವನು. ಮದುವೆ ಬೇಡವೆಂದು ಕೂತು ತೊಗರಿ ಬಿತ್ತಿಸಿದರು, ಕಾಲುವೆ ನೀರಿಗಾಗಿ ಆಲಮಟ್ಟಿಯ ಕಚೇರಿಗೆ ಬಸ್ಸಿನಲ್ಲಿ ನಿಂತು ಹೋಗಿಬಂದರು. ರಾಯರಿಗೆ ಲಕ್ವ ಹೊಡೆದ ಮೇಲೆ, ದಸರೆಗೆ ಅವರ ಬಲಗೈಯನ್ನು ಕತ್ತಿಯ ಹಿಡಿಕೆಗೆ ಒತ್ತಿ, ಮೇಲೆ ತಮ್ಮ ಕೈಯಿಟ್ಟು ಬಾಯಿಯವರೇ ಬೀಸುತ್ತಿದ್ದರು. ಸತ್ತ ಕೈ ಕತ್ತಿ ಬೀಸುತ್ತದೆಯೇ? ಊರಿಗೆಲ್ಲ ಗೊತ್ತಿತ್ತು. ಆದರೂ ಸರದಾರರು ಬನ್ನಿ ಕಡಿದರು ಎಂದೇ ಅನ್ನುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ರಾಯರು ತೀರಿಕೊಂಡರು. ಇನ್ನು ಕತ್ತಿ ತಮ್ಮದೇ ಎಂದು ಬಾಯಿಯವರು ನಂಬಿದ್ದರು. ದಸರೆಯ ದಿನ ತಾವೇ ಅದನ್ನು ಮಸೆದು, ಉಪವಾಸವಿದ್ದು, ತಂದೆಯ ಜರಿ ಶಲ್ಯ ಹೊದ್ದು ಹೊರಟರು. ಮರದ ಹತ್ತಿರ ಪುಣೆಯ ಕಾರು ನಿಂತಿತ್ತು. ರಾಯರ ತಮ್ಮನ ಮೊಮ್ಮಗ ಹೃಷೀಕೇಶ ಬಂದಿದ್ದ. ಕರೆಸಿದವನು ಊರ ಹಿರಿಯ ಧೂಳಪ್ಪ.

"ಬಾಯಾರ, ಕತ್ತಿ ಅವರ ಕೈಯಾಗ ಕೊಡ್ರಿ. ಗಂಡು ವಾರಸದಾರ ಬಂದಾರ."

ನನಗೆ ತಲೆ ಕೆಟ್ಟಿತು. "ಧೂಳಪ್ಪಣ್ಣ, ಇಷ್ಟ ವರ್ಷ ಬೀಸಿದ್ದು ಯಾರ ರಟ್ಟಿ? ನಿನ್ನ ಕಣ್ಣಾಗ ಸುಣ್ಣ ಬಿದ್ದಿತ್ತೇನ?"

"ರಟ್ಟಿ ಯಾರದರ ಇರಲಿ, ಹೆಸರು ರಾಯರದಿತ್ತು. ನೀ ಟ್ರ್ಯಾಕ್ಟರ್ ಹೊಡಿ ಹೋಗೋ ಸಿದ್ಧರಾಮ."

"ಇಂಗ್ಲಿಷರು ಹೋದ್ರೂ ಅವರ ಹುಕುಂ ನಿನ್ನ ಹೊಟ್ಟ್ಯಾಗ ಕುಂತೈತಿ ನೋಡು!"

ಬಾಯಿಯವರು ಕತ್ತಿ ಕೊಟ್ಟರು. ಹೃಷೀಕೇಶ ಬೀಸಿದ, ತೊಗಟೆಯ ಮೇಲೆ ಜಾರಿತು. ಮತ್ತೆ ಬೀಸಿದ, ಟೊಂಗೆಯಲ್ಲಿ ಸಿಕ್ಕಿಕೊಂಡಿತು. ಯಾರೋ ಕಿಸಕ್ಕೆಂದರು.

"ಆತ್ಯಾ, ಹ್ಯಾಂಗರಿ ಇದು?" ಎಂದು ಅತ್ತೆಯ ಕಡೆ ತಿರುಗಿದ.

ವರ್ಷಗಟ್ಟಲೆ ರೂಢಿಯಾದ ಕೈ. ಬಾಯಿಯವರ ಕೈ ತಾನಾಗಿ ಅವನ ಕೈ ಮೇಲೆ ಹೋಗಿ ಕೂತಿತು. ಅವನ ಕೈಯೊಂದಿಗೇ ಕತ್ತಿಯನ್ನು ಟೊಂಗೆಯಿಂದ ಕಿತ್ತು ಬೀಸಿದರು. ಒಂದೇ ಏಟು, ಟೊಂಗೆ ಕೆಳಗೆ.

"ಸರದಾರರು ಬನ್ನಿ ಕಡದ್ರು!" ಧೂಳಪ್ಪ ಕೂಗಿದ.

ಜನ ಬನ್ನಿ ಹಿಡಿದು ಹೃಷೀಕೇಶನ ಕಾಲಿಗೆ ಮುಗಿಬಿದ್ದರು. ನಾನು ಮೊದಲ ಎಲೆಯನ್ನು ಬಾಯಿಯವರಿಗೆ ಒಯ್ದೆ. ಅವರು ಕೈ ಚಾಚಲಿಲ್ಲ.

"ಮೊದಲ ಅವಗ ಕೊಡು ಸಿದ್ಧರಾಮ. ಈಗ ನಾನಽ ಅವನ್ನ ಸರದಾರನ್ನ ಮಾಡೀನಿ. ಇನ್ನ ಯಾರ ಮ್ಯಾಲೆ ಸಿಟ್ಟು ಮಾಡ್ಲಿ?"

ನಾನು ಅವನಿಗೆ ಕೊಡಲಿಲ್ಲ. ಆ ದಸರೆ ಯಾರಿಗೂ ಬನ್ನಿ ಕೊಡಲಿಲ್ಲ.